ಕೊನೆಯ ಅಂಕಿಯ ಪಕ್ಕದ ಚುಕ್ಕೆ

ಫೆಬ್ರವರಿ 3

ಪ್ರೀತಿಯ ತಮ್ಮಾ,

ಕೋಣ ಬಂದು ಇಳಿಯಿತು. ನೀನು ಕಳಿಸಿದ ಗಾಡಿಗೆ ಹಾಗಂತ ನಾನೇ ಹೆಸರಿಟ್ಟಿದ್ದೇನೆ, ನಿನಗೆ ಬೇಸರವಾದರೆ ಆಗಲಿ. ಲಾರಿಯಿಂದ ಹಲಗೆ ಹಾಕಿ ಇಳಿಸುವಷ್ಟರಲ್ಲಿ ಆರು ಜನರ ಸೊಂಟ ಹೋಯಿತು. ನಾಲ್ಕೂ ಟೈರು ನೆಲ ಕಚ್ಚಿವೆ, ಹಿಂದಿನ ಬಾಗಿಲು ತಂತಿಯಲ್ಲಿ ನೇತಾಡುತ್ತಿದೆ, ಸೀಟಿನೊಳಗೆ ಯಾವ ದೇಶದ್ದೋ ಇಲಿ ಸಂಸಾರ ಹೂಡಿ, ಮಕ್ಕಳನ್ನು ದೊಡ್ಡ ಮಾಡಿ, ಮನೆ ಖಾಲಿ ಮಾಡಿಕೊಂಡು ಹೋಗಿದೆ. ಲಾರಿ ಡ್ರೈವರ್ ಬೆವರು ಒರೆಸಿಕೊಳ್ಳುತ್ತಾ, "ಅಕ್ಕಾ, ಇದನ್ನ ಗುಜರಿಗೆ ಹಾಕೋಕೆ ತರ್ಸಿದ್ರಾ, ಓಡ್ಸೋಕಾ?" ಅಂತ ಕೇಳಿದ. "ಮುಂದಿನ ಮಳೆಗಾಲಕ್ಕೆ ನಿನ್ನ ಲಾರಿ ಕೆಸರಲ್ಲಿ ಹೂತ್ಕೊಳ್ಳತ್ತಲ್ಲ, ಆಗ ಇದೇ ಬಂದು ಎಳಿಯತ್ತೆ. ಆವತ್ತು ಕೇಳು ಈ ಪ್ರಶ್ನೆ" ಅಂದೆ. ನಕ್ಕೊಂಡು ಹೋದ.

ನಗಲಿ. ನನಗೆ ಇದು ಯಾಕೆ ಬೇಕು ಅಂತ ನಿನಗೆ ಗೊತ್ತು. ಗುಡ್ಡದ ರಸ್ತೆಯಲ್ಲಿ ಗಾಡಿ ಕೆಟ್ಟರೆ ಜನ ಮೊದಲು ಫೋನು ಮಾಡುವುದು ನನಗೇ. ಆದರೆ ಅಲ್ಲಿಗೆ ಹತ್ತುವ ಗಾಡಿ ನನ್ನ ಹತ್ತಿರ ಇಲ್ಲ. ಎದುರಿನ ದೊಡ್ಡ ಗ್ಯಾರೇಜಿನವನು ತನ್ನ ಗಾಡಿಯಲ್ಲಿ ಹೋಗಿ ಎಳೆದು ತರುತ್ತಾನೆ, ತಂದವನು ಕೆಲಸವನ್ನೂ ತಾನೇ ಇಟ್ಟುಕೊಳ್ಳುತ್ತಾನೆ. ನಾನು ಬಾಗಿಲಲ್ಲಿ ಸ್ಪ್ಯಾನರ್ ಹಿಡಿದುಕೊಂಡು ಬೊಂಬೆಯ ಹಾಗೆ ನಿಂತು ನೋಡಬೇಕು. ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ ಅಂದರೆ ಇದೇ.

ಅದಕ್ಕೇ ನಾವು ಮಾತಾಡಿಕೊಂಡದ್ದನ್ನು ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ. ಫೋನಿನಲ್ಲಾದರೆ ನೀನು "ಹೂಂ ಹೂಂ" ಅನ್ನುತ್ತಾ ಜಾರಿಕೊಳ್ಳುವುದರಲ್ಲಿ ಗಟ್ಟಿಗ, ಕಾಗದದ ಮೇಲೆ ಅದು ನಡೆಯುವುದಿಲ್ಲ. ಬಳಸಿದ ವಿದೇಶಿ ಗಾಡಿಯಾದರೆ ಮೂವತ್ತು ವರ್ಷ ದಾಟಿದ್ದನ್ನು ಮಾತ್ರ ತರಿಸಿ ನೋಂದಾಯಿಸಬಹುದು ಅಂತ ಕಾನೂನಿದೆ, ಇದು ಮೂವತ್ತನಾಲ್ಕು ವರ್ಷದ್ದು ಅಂತ ನೀನು ಕಳಿಸಿದ ಕಾಗದ ಹೇಳುತ್ತದೆ. ಬಂದರಿನ ಕೆಲಸ, ಸುಂಕ, ಕಾಗದಪತ್ರ ನಿನ್ನದು. ದುರಸ್ತಿ ಪೂರ್ತಿ ನನ್ನದು. ಕೊನೆಗೆ ನೋಂದಣಿ ಪುಸ್ತಕದಲ್ಲಿ ನನ್ನ ಹೆಸರು. ಸರಿ ತಾನೆ? ಇಷ್ಟು ವರ್ಷದಲ್ಲಿ ಸಾವಿರ ಗಾಡಿ ರಿಪೇರಿ ಮಾಡಿದ್ದೇನೆ, ಒಂದರ ಮೇಲೂ ನನ್ನ ಹೆಸರಿಲ್ಲ. ಹೇಳಿಕೊಳ್ಳಲು ಸಂಕೋಚ, ಆದರೂ ಹೇಳುತ್ತೇನೆ: ಖುಷಿಯಾಗಿದೆ ಕಣೋ.

ಇನ್ನು ಅಪ್ಪನ ವಿಷಯ. ನಿಮ್ಮಲ್ಲಿ ಕಣ್ಣಿನ ಆಪರೇಶನ್ ಮುಗಿಸಿಕೊಂಡು ಬಂದು ಹದಿನೈದು ದಿನವಾಯಿತು. ದೂರದ್ದು ಚೆನ್ನಾಗಿ ಕಾಣುತ್ತದಂತೆ, ಹತ್ತಿರದ್ದು ಕನ್ನಡಕ ಹಾಕಿದರೂ ಮಸುಕಂತೆ. ಮೂವತ್ತೆರಡು ವರ್ಷ ಸರಕಾರಿ ಕಾರ್ಯಾಗಾರದಲ್ಲಿ ಅಡಿಯ ಚಾಸಿ ಬದಲಾದ ಗಾಡಿಗಳಿಗೆ ಸುತ್ತಿಗೆ ಹಿಡಿದು ಕಬ್ಬಿಣದ ಮೇಲೆ ನಂಬರ್ ಹೊಡೆದ ಮನುಷ್ಯ, ಗಾಡಿ ಬಂತು ಅಂದರೆ ಊಟ ಬಿಟ್ಟು ಎದ್ದು ಬರುತ್ತಿದ್ದವರು. ಇವತ್ತು ಬಾಗಿಲ ತನಕ ಬಂದರು, ಕೋಣವನ್ನು ನೋಡಿದರು, ಒಳಗೆ ಹೋಗಿ ಮಲಗಿದರು. "ಹೇಗಿದೆ ಅಪ್ಪಾ?" ಅಂದರೆ, "ಚೆನ್ನಾಗಿದೆ, ನಿನಗೆ ಬೇಕಾದ್ದು ತಾನೆ" ಅಂದರು. ನಿಮ್ಮ ಮನೆಯಲ್ಲಿ ಏನಾದರೂ ಮನಸ್ತಾಪವಾಯಿತಾ? ನಿಜ ಹೇಳು.

ನಿನ್ನ ಅಕ್ಕ


ಫೆಬ್ರವರಿ 16

ಅಕ್ಕನಿಗೆ ನಮಸ್ಕಾರ.

ಇಲಿ ಸಂಸಾರದ ಕಥೆ ಓದಿ ಬಿದ್ದು ಬಿದ್ದು ನಕ್ಕೆ. ನಿನ್ನ ನಾಲಿಗೆಗೆ ಇನ್ನೂ ತುಕ್ಕು ಹಿಡಿದಿಲ್ಲ, ಸದ್ಯ. ಒಪ್ಪಂದ ನೀನು ಬರೆದ ಹಾಗೇ, ಒಂದಕ್ಷರ ಆಚೀಚೆ ಇಲ್ಲ. ನಿನ್ನ ಹೆಸರು ಆ ಪುಸ್ತಕದಲ್ಲಿ ಬರುವ ದಿನ ನಾನೇ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ.

ಅಪ್ಪನಿಗೆ ಇಲ್ಲಿ ಯಾವ ಮನಸ್ತಾಪವೂ ಆಗಿಲ್ಲ. ಡಾಕ್ಟರ್ ಹೇಳಿದ್ದನ್ನು ನಿನಗೆ ಹೇಳಲು ಮರೆತೆ: ಒಂದು ವರ್ಷ ಧೂಳು, ಕಬ್ಬಿಣದ ಪುಡಿ, ಬೆಸುಗೆಯ ಬೆಳಕು ಯಾವುದೂ ಕಣ್ಣಿಗೆ ಸೋಕಬಾರದಂತೆ. ಅದಕ್ಕೇ ಅವರು ದೂರ ಇರುತ್ತಾರೆ. ಅವರ ಹತ್ತಿರ ಗಾಡಿಯ ಮಾತೇ ಎತ್ತಬೇಡ ಅಕ್ಕಾ. ಎತ್ತಿದರೆ ಕೈ ತುರಿಕೆ ಶುರುವಾಗಿ ಷೆಡ್ಡಿಗೆ ನುಗ್ಗಿಬಿಡುತ್ತಾರೆ, ಆಮೇಲೆ ಕಣ್ಣು ಹೋದರೆ ನಾವೇ ಹೊಣೆ.

ಇನ್ನೊಂದು. ಬಲಗಡೆ ಚಾಸಿ ಮೇಲೆ ನಂಬರ್ ಇರುವ ಜಾಗವನ್ನು ಈಗಲೇ ಉಜ್ಜಬೇಡ. ಸುಂಕದವರು ನೋಡಿ ಒಪ್ಪಿದ ಮೇಲೆ ತುಕ್ಕು ಹಿಡಿಯದಿರಲಿ ಅಂತ ದಪ್ಪಗೆ ಬಣ್ಣ ಬಳಿಸಿದ್ದೇನೆ. ತಪಾಸಣೆಯ ದಿನ ಹತ್ತಿರ ಬಂದಾಗ ನೋಡಿಕೊಂಡರಾಯಿತು.

ಕೈ ಕೆಸರಾದರೆ ಬಾಯಿ ಮೊಸರು. ಸದ್ಯಕ್ಕೆ ನಿನ್ನ ಕೈಯೇ ಕೆಸರಾಗಲಿ!

ನಿನ್ನ ತಮ್ಮ


ಮೇ 20

ತಮ್ಮಾ,

ಮೂರು ತಿಂಗಳು ಬರೆಯಲಿಲ್ಲ ಅಂತ ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಬೆರಳಿನ ಗ್ರೀಸು ಕಾಗದಕ್ಕೆ ಹತ್ತುತ್ತದೆ. ನಿನ್ನೆ ಮಧ್ಯಾಹ್ನ ಎರಡೂವರೆಗೆ ಕೋಣ ಉಸಿರಾಡಿತು!

ಮೊದಲಿನಿಂದ ಹೇಳುತ್ತೇನೆ. ಮೈಯನ್ನು ಪೂರ್ತಿ ಎತ್ತಿ ಚಾಸಿಯಿಂದ ಬೇರೆ ಮಾಡಿದೆ. ನೆಲದ ತಗಡು ಮುಟ್ಟಿದರೆ ಉದುರುತ್ತಿತ್ತು, ಹೊಸದು ಕತ್ತರಿಸಿ ನಾನೇ ಬೆಸೆದೆ. ಸ್ಪ್ರಿಂಗಿನ ಪಿನ್ನುಗಳು ಕಳಚಿ ಬರಲೇ ಇಲ್ಲ, ಒಂದೊಂದಕ್ಕೆ ಒಂದೊಂದು ದಿನ ಹೋಯಿತು. ಮೂರನೆಯದಕ್ಕೆ ಬಾಯಿಗೆ ಬಂದ ಹಾಗೆ ಬೈದೆ, ಆಗ ಬಂತು. ಕಬ್ಬಿಣಕ್ಕೂ ಮಾನ ಮರ್ಯಾದೆ ಇದೆ ನೋಡು. ಎಂಜಿನ್ನಿನ ಹೆಡ್ಡು ತೆಗೆದರೆ ಒಳಗೆ ಇಷ್ಟು ಚೆನ್ನಾಗಿದೆಯಲ್ಲ ಅನ್ನಿಸಿತು. ಇಷ್ಟು ವರ್ಷದ ಗಾಡಿಗೆ ಸಿಲಿಂಡರ್ ಸವೆತವೇ ಇಲ್ಲ. ಗೇರ್‌ಬಾಕ್ಸಿನ ಎರಕದ ಮೇಲೆ ವರ್ಷ ಬರೆದಿರುತ್ತದೆ, ಅದನ್ನು ನೋಡಿದರೆ ಪೆಟ್ಟಿಗೆ ಗಾಡಿಗಿಂತ ಹದಿನೈದು ವರ್ಷ ಚಿಕ್ಕದು. ಯಾರೋ ನಡುವೆ ಬದಲಾಯಿಸಿರಬೇಕು. ಹಿಂದಿನ ಆಕ್ಸಲ್ಲೂ ಹಾಗೇ. ಹಿಂದಿನ ಯಜಮಾನ ಭಾರೀ ಖರ್ಚಿನ ಮನುಷ್ಯ ಅಂತ ಕಾಣುತ್ತದೆ. ನನಗೇನು, ಲಾಭವೇ ಆಯಿತು.

ಡೀಸೆಲ್ ಪಂಪು ಮಾತ್ರ ಎಂಟು ದಿನ ತಲೆ ತಿಂದಿತು. ಗಾಳಿ ಹೊಕ್ಕಿತ್ತು. ಎಲ್ಲಾ ಪೈಪು ಬಿಚ್ಚಿ, ಒಂದೊಂದೇ ಇಂಜೆಕ್ಟರಿನಿಂದ ಗಾಳಿ ಕಳೆದು, ನಿನ್ನೆ ಕೀಲಿ ತಿರುಗಿಸಿದೆ. ಒಮ್ಮೆ ಕೆಮ್ಮಿತು. ಎರಡನೇ ಸಲ ಬೀದಿಗೆಲ್ಲ ಕಪ್ಪು ಹೊಗೆ ಬಿಟ್ಟು ಹಿಡಿದುಕೊಂಡಿತು ನೋಡು! ಎದುರಿನ ಗ್ಯಾರೇಜಿನವನು ಚಹಾದ ಲೋಟ ಹಿಡಿದುಕೊಂಡೇ ಓಡಿ ಬಂದ. "ಏನಕ್ಕಾ, ಹಡಗು ತಂದ್ರಾ?" ಅಂದ. "ಹೂಂ, ನಿನ್ನ ಅಂಗಡಿ ಮುಳುಗ್ಸೋಕೆ" ಅಂದೆ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ ಕಣೋ, ಹೊಗೆ ಹೊಕ್ಕಿತು ಅಂತ ಕಣ್ಣೊರೆಸಿಕೊಂಡೆ.

ಆದರೆ ಅಪ್ಪ ಬರಲಿಲ್ಲ. ಧೂಳಿನ ಮಾತು ನೆನಪಿದೆ, ಷೆಡ್ಡಿಗೆ ಬನ್ನಿ ಅಂತ ನಾನೂ ಕರೆಯುವುದಿಲ್ಲ. ಕಿಟಕಿಯಲ್ಲಿ ನಿಂತು ಕೇಳಬಹುದಿತ್ತಲ್ಲ? ಎಂಜಿನ್ ಹಿಡಿದುಕೊಂಡದ್ದೇ ತಡ, ಕಿಟಕಿಯ ಬಾಗಿಲು ಮುಚ್ಚಿದ ಸದ್ದು ಕೇಳಿತು. ನಾನು ಹನ್ನೆರಡನೇ ವಯಸ್ಸಿನಿಂದ ಅವರ ಪಕ್ಕದಲ್ಲಿ ಕೂತು ಕೆಲಸ ಕಲಿತವಳು. ನನ್ನ ಜೀವಮಾನದ ದೊಡ್ಡ ಕೆಲಸ ಮುಗಿಯುವಾಗ ಅವರು ಕಿಟಕಿ ಮುಚ್ಚಿಕೊಂಡರು. ರಾತ್ರಿ ಊಟಕ್ಕೆ ಕೂತಾಗಲೂ ಒಂದು ಮಾತಿಲ್ಲ. ವಯಸ್ಸಾಯಿತು, ಬೇಸರ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೋವಾಗುವುದು ತಪ್ಪಲಿಲ್ಲ.

ಇನ್ನು ಬಣ್ಣ ಬಾಕಿ. ಬೂದು ಹಸಿರು ಹೊಡೆಯುತ್ತೇನೆ. ತಪಾಸಣೆಯ ದಿನ ಗೊತ್ತು ಮಾಡು.

ನಿನ್ನ ಅಕ್ಕ


ಜುಲೈ 2

ಅಕ್ಕಾ,

ಭೇಷ್! ಭೇಷ್! ಅದೇ ಎಂಜಿನ್ನನ್ನು ಇಲ್ಲಿ ಮೂವರು ಮೇಸ್ತ್ರಿಗಳು ನೋಡಿ ಕೈ ಚೆಲ್ಲಿದ್ದರು. ನನ್ನ ಅಕ್ಕನ ಮುಂದೆ ಯಾರಿದ್ದಾರೆ?

ಆಗಸ್ಟ್ 9ಕ್ಕೆ ನೋಂದಣಿ ಕಚೇರಿಯ ತಪಾಸಣೆ ಗೊತ್ತಾಗಿದೆ. ಜೊತೆಗೆ ಒಂದು ನಮೂನೆ ಕಳಿಸುತ್ತಿದ್ದೇನೆ. ಗಾಡಿ ದುರಸ್ತಿ ಮಾಡಿದ ಗ್ಯಾರೇಜಿನ ಯಜಮಾನರು ಪ್ರಮಾಣ ಮಾಡಿ ರುಜು ಹಾಕಬೇಕು, "ಚಾಸಿಯ ನಂಬರ್ ಮೂಲದ್ದೇ, ತಿದ್ದಿಲ್ಲ" ಅಂತ. ಮೂರೇ ಸಾಲು. ಅದರ ಮೇಲೆ ಪೆನ್ಸಿಲ್ ಉಜ್ಜಿ ತೆಗೆದ ನಂಬರಿನ ಅಚ್ಚನ್ನು ಅಂಟಿಸಬೇಕು. ಬಣ್ಣವನ್ನು ಮೆಲ್ಲಗೆ ತೆಗೆ, ಅಂಕಿ ಕಂಡರೆ ಸಾಕು, ತೀರಾ ಕೆರೆಯಬೇಡ. ನಿನ್ನ ಗ್ಯಾರೇಜಿನ ಹೆಸರು, ಅದಕ್ಕಿಂತ ಹೆಚ್ಚಾಗಿ ಅಪ್ಪನ ಹೆಸರು, ಆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯುತ್ತದೆ.

ಆ ದಿನ ಬರಲು ನೋಡುತ್ತೇನೆ. ಬಂದರಿನಲ್ಲಿ ಕೆಲಸ ವಿಪರೀತ, ಮಾತು ಕೊಡಲಾರೆ.

ತಮ್ಮ


ಜುಲೈ 19

ತಮ್ಮಾ,

ಬಣ್ಣ ತೆಗೆಯುವ ಎಣ್ಣೆ ಹಚ್ಚಿ, ತಂತಿ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದೆ. ಕಾಗದ ಇಟ್ಟು ಪೆನ್ಸಿಲ್ ಆಡಿಸಿದೆ. ಹನ್ನೊಂದು ಅಂಕಿ ಮೂಡಿದವು. ಹನ್ನೊಂದನೆಯದರ ಪಕ್ಕದಲ್ಲಿ, ಕೆಳಗಡೆ, ಸಾಸಿವೆಗಿಂತ ಸಣ್ಣ ಚುಕ್ಕೆ ಒಂದು ಮೂಡಿತು.

ಆ ಚುಕ್ಕೆ ನಿನಗೆ ನೆನಪಿರಲಿಕ್ಕಿಲ್ಲ. ಅಪ್ಪ ಯಾವ ನಂಬರ್ ಹೊಡೆದರೂ ಕೊನೆಯ ಅಂಕಿಯಾದ ಮೇಲೆ ಚೂಪು ಪಂಚಿನಿಂದ ಒಂದು ಚುಕ್ಕೆ ಇಡುತ್ತಿದ್ದರು. "ಇಲ್ಲಿಗೆ ಮುಗೀತು. ಇದರ ಮುಂದೆ ಯಾರಾದ್ರೂ ಇನ್ನೊಂದು ಅಂಕಿ ಸೇರಿಸಿದ್ರೆ ಅದು ನಂದಲ್ಲ" ಅನ್ನುತ್ತಿದ್ದರು. ಮೋಸ ಆಗಬಾರದು ಅಂತ ಅವರಾಗಿಯೇ ಮಾಡಿಕೊಂಡ ರೂಢಿ ಅದು. ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ, ನಮ್ಮಿಬ್ಬರನ್ನು ಕೂರಿಸಿಕೊಂಡು ತೋರಿಸಿದ್ದರು. ನೀನು ಆಗ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಇನ್ನಷ್ಟು ಉಜ್ಜಿದೆ. ನೀನು ಬೇಡ ಅಂದದ್ದನ್ನೇ ಮಾಡಿದೆ. ಅಂಕಿಗಳ ಕೆಳಗೆ ಗ್ರೈಂಡರ್ ತಿಂದ ತಗ್ಗು ಬೆರಳಿಗೆ ಸಿಗುತ್ತದೆ. ಇದ್ದ ನಂಬರನ್ನು ಸವೆಸಿ ಅದರ ಮೇಲೆ ಬೇರೆ ಹೊಡೆದಿದ್ದಾರೆ. ಆಗ ಗೇರ್‌ಬಾಕ್ಸು, ಆಕ್ಸಲ್ಲು, ಸವೆಯದ ಸಿಲಿಂಡರು ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು. ಯಾರೂ ಏನೂ ಬದಲಾಯಿಸಿಲ್ಲ, ಗಾಡಿಗೇ ಅಷ್ಟು ವಯಸ್ಸಾಗಿಲ್ಲ. ನಾನು ಕತ್ತೆ. ಕಣ್ಣೆದುರಿಗೆ ಇದ್ದದ್ದನ್ನು ನೋಡಲಿಲ್ಲ, ಯಾಕೆಂದರೆ ಗಾಡಿ ಬೇಕಾಗಿತ್ತು.

ಅಪ್ಪನನ್ನು ಇನ್ನೂ ಕೇಳಿಲ್ಲ. ಎರಡು ಸಲ ಅವರ ಕೋಣೆಯ ಬಾಗಿಲ ತನಕ ಹೋಗಿ ವಾಪಸ್ಸು ಬಂದೆ. ಮೊದಲು ನೀನು ಹೇಳು. ಸುತ್ತಿ ಬಳಸಿ ಬೇಡ.

ಅಕ್ಕ


ಜುಲೈ 28

ಅಕ್ಕಾ,

ಸುತ್ತಿ ಬಳಸುವುದಿಲ್ಲ. ಈ ಕಾಗದ ಓದಿ ಹರಿದುಹಾಕು.

ಗಾಡಿ ಹತ್ತೊಂಬತ್ತು ವರ್ಷದ್ದು. ಇದೇ ಜಾತಿಯ ಹಳೆಯ ಗಾಡಿಯೊಂದು ಹೊರದೇಶದಲ್ಲೆಲ್ಲೋ ಸುಟ್ಟು ಹೋಗಿತ್ತು, ಅದರ ಕಾಗದ ಸಿಕ್ಕಿತು, ಅದರ ನಂಬರ್ ಇದಕ್ಕೆ ಬಂತು. ಯಾರ ಹೊಟ್ಟೆಗೂ ಹೊಡೆದಿಲ್ಲ, ಯಾರ ಗಾಡಿಯನ್ನೂ ಕದ್ದಿಲ್ಲ. ಹನ್ನೊಂದು ವರ್ಷ ಕಡಿಮೆ ಇದೆ ಅಂತ ಒಂದು ಒಳ್ಳೆಯ ಗಾಡಿಯನ್ನು ಹಡಗುಕಟ್ಟೆಯಲ್ಲಿ ಕೊಳೆಯಲು ಬಿಡುವುದು ಯಾವ ನ್ಯಾಯ? ನಂಬರನ್ನು ಅಪ್ಪನೇ ಹೊಡೆದುಕೊಟ್ಟರು, ಆಪರೇಶನ್ನಿಗೆ ಮೂರು ದಿನ ಮುಂಚೆ. ನಾನು ಕೈ ಹಿಡಿದು ಮಾಡಿಸಿದ್ದಲ್ಲ, ಮನಸ್ಸಾರೆ ಮಾಡಿಕೊಟ್ಟದ್ದು.

ನೀನು ಈಗ ಬಾಯಿ ಬಿಟ್ಟರೆ ಕಟಕಟೆಯಲ್ಲಿ ಮೊದಲು ನಿಲ್ಲುವುದು ನಾನಲ್ಲ, ಅಪ್ಪ. ಎಪ್ಪತ್ತಾರು ವಯಸ್ಸು ಅವರಿಗೆ. ಅದನ್ನು ಯೋಚಿಸು. ಇಲ್ಲಿ ಇಂಥವೇ ಇನ್ನೂ ನಾಲ್ಕು ಗಾಡಿ ನಿಂತಿವೆ. ಮೊದಲನೆಯದು ನಿನ್ನ ಗ್ಯಾರೇಜಿನ ರುಜುವಿನಲ್ಲಿ ದಾಟಿದರೆ ಉಳಿದವೂ ನಿನ್ನಲ್ಲಿಗೇ ಬರುತ್ತವೆ, ಎರಡು ವರ್ಷಕ್ಕಾಗುವಷ್ಟು ಕೆಲಸ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬೇಡ.

ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಗೊತ್ತು. ನೀನು ಯಾವತ್ತೂ ಅಪ್ಪನ ಮಗಳು. ಸುತ್ತಿಗೆ ಹಿಡಿಯುವುದು ಹೇಗೆ ಅಂತ ಕಲಿಸಿದ್ದು ನಿನಗೆ. ನಾನು ಹತ್ತಿರ ಹೋದರೆ "ನೀನು ಓದ್ಕೋ ಹೋಗು" ಅಂತ ಅಟ್ಟುತ್ತಿದ್ದರು. ಓದಿದೆ. ಓದಿ ಕಲಿತದ್ದು ಕಾಗದದ ಕೆಲಸ. ನನ್ನ ಕೆಲಸವೂ ಕೆಲಸವೇ ಅಕ್ಕಾ.

ರುಜು ಹಾಕು. ಅಪ್ಪನನ್ನು ಏನೂ ಕೇಳಬೇಡ, ನೊಂದುಕೊಳ್ಳುತ್ತಾರೆ.

ತಮ್ಮ


ಆಗಸ್ಟ್ 14

ತಮ್ಮಾ,

ಕೇಳಬೇಡ ಅಂದೆಯಲ್ಲ, ಅದಕ್ಕೇ ಕೇಳಿದೆ. ಇಷ್ಟು ದಿನ ನೀನು ಬೇಡ ಅಂದದ್ದನ್ನೆಲ್ಲ ಬಿಟ್ಟೇ ಕೆಟ್ಟೆ.

ಅಪ್ಪ ಮಂಚದ ಮೇಲೆ ಕೂತಿದ್ದರು. ಪೆನ್ಸಿಲ್ ಅಚ್ಚಿನ ಕಾಗದವನ್ನು ಅವರ ಕೈಗೆ ಕೊಟ್ಟು, "ಅಪ್ಪಾ, ಇದು ನೀವು ಹೊಡೆದದ್ದಾ?" ಅಂದೆ. ಅವರಿಗೆ ಅದು ಕಾಣಿಸುವುದಿಲ್ಲ, ಆದರೆ ಏನು ಅಂತ ಗೊತ್ತಾಯಿತು.

"ಈಗ ಯಾಕಮ್ಮಾ ಕೇಳ್ತೀಯ? ನೀನು ಕೇಳಿದ್ದೂ ಆಯ್ತು, ನಾನು ಮಾಡಿದ್ದೂ ಆಯ್ತು."

"ನಾನಾ? ನಾನು ಯಾವಾಗ ಕೇಳ್ದೆ?"

"ನೇರವಾಗಿ ಕೇಳೋಕೆ ನಾಚಿಕೆ ಅಂತ ತಮ್ಮನ ಹತ್ರ ಹೇಳಿ ಕಳ್ಸಿದ್ಯಲ್ಲ." ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿದರು. "ಅಕ್ಕನಿಗೆ ಒಂದೇ ಒಂದು ಸ್ವಂತ ಗಾಡಿ ಬೇಕು, ನಿಮ್ಮನ್ನ ಕೇಳೋಕೆ ಬಾಯಿ ಬರ್ತಿಲ್ಲ ಅಂದ. ಅವಳ ಮುಂದೆ ಈ ಮಾತು ಎತ್ತಬೇಡಿ, ನಾಚ್ಕೊಂಡು ಸತ್ತೇ ಹೋಗ್ತಾಳೆ ಅಂದ. ಎತ್ತಲಿಲ್ಲ. ಆದ್ರೆ ಆ ಗಾಡಿ ಹತ್ರ ಬಂದು ನಿಲ್ಲೋಕೆ ನನ್ನ ಕೈಲಿ ಆಗ್ಲಿಲ್ಲ. ಅದರ ಸದ್ದು ಕೇಳೋಕೂ ಆಗ್ಲಿಲ್ಲ."

ಧೂಳು ಆಗದು ಅಂತ ಡಾಕ್ಟರ್ ಹೇಳಿದ್ದಾರಾ ಅಂತ ಕೇಳಿದೆ. "ಯಾವ ಧೂಳು? ವಾರ ಕಳೆದ್ಮೇಲೆ ಎಲ್ಲಾ ಕೆಲ್ಸ ಮಾಡ್ಬೋದು ಅಂದಿದ್ರು" ಅಂದರು.

ಎಂಥಾ ಬುದ್ಧಿ ಕಣೋ ನಿನ್ನದು! ನನಗೆ ಧೂಳಿನ ಕಥೆ, ಅವರಿಗೆ ನಾಚಿಕೆಯ ಕಥೆ. ಒಂದೇ ಸೂರಿನ ಕೆಳಗೆ, ಒಂದೇ ಮೇಜಿನಲ್ಲಿ ಉಣ್ಣುವ ಇಬ್ಬರನ್ನು ಆರು ತಿಂಗಳು ಮೂಕರನ್ನಾಗಿ ಮಾಡಿದೆ, ಅದೂ ಅಷ್ಟು ದೂರದಲ್ಲಿ ಕೂತುಕೊಂಡು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದೆ. ನಾನು ಗಾಡಿಯ ಪಕ್ಕ ನಿಂತು ಅಪ್ಪನಿಗೆ ನನ್ನ ಮೇಲೆ ಪ್ರೀತಿ ಕಡಿಮೆಯಾಯಿತು ಅಂದುಕೊಂಡೆ. ಅವರು ಒಳಗೆ ಮಲಗಿ, ಮಗಳು ನನ್ನ ಕೈಯಲ್ಲಿ ಕಳ್ಳ ಕೆಲಸ ಮಾಡಿಸಿದಳು ಅಂದುಕೊಂಡರು.

ಆದರೆ ನನಗೆ ಸಿಟ್ಟು ಬಂದಿರುವುದು ನಿನ್ನೊಬ್ಬನ ಮೇಲೇ ಅಂತ ತಿಳಿಯಬೇಡ. ಅವರನ್ನೂ ಕೇಳಿದೆ. "ನಾನು ಅಂಥದ್ದು ಕೇಳೋಳು ಅಂತ ನೀವು ನಂಬಿದ್ರಾ ಅಪ್ಪಾ? ಮೂವತ್ತು ವರ್ಷ ನಿಮ್ಮ ಪಕ್ಕ ಕೂತವಳು ನಾನು!" ಅವರು ಕಾಗದದ ಮಡಿಕೆ ಬಿಚ್ಚಿ ಮತ್ತೆ ಮಡಿಸಿದರು. ನಾನು ಹೊರಗೆ ಬಂದೆ. ಅವತ್ತು ಅಡುಗೆ ಮಾಡಲಿಲ್ಲ, ಇಬ್ಬರೂ ಹಸಿದುಕೊಂಡೇ ಮಲಗಿದೆವು.

ಒಂಬತ್ತನೇ ತಾರೀಖು ನಾನು ಕೋಣವನ್ನು ಓಡಿಸಿಕೊಂಡು ನೋಂದಣಿ ಕಚೇರಿಗೆ ಹೋದೆ. ಅಪ್ಪ ಹೇಳದೆ ಕೇಳದೆ ಬಂದು ಪಕ್ಕದ ಸೀಟಿನಲ್ಲಿ ಕೂತರು. ಗಾಡಿ ಮಾತ್ರ ಎಷ್ಟು ಚೆನ್ನಾಗಿ ಓಡಿತು ಗೊತ್ತಾ? ಮೂರನೇ ಗೇರಿನಲ್ಲಿ ಏರು ಹತ್ತುವಾಗ ಉಸಿರೂ ಬಿಡಲಿಲ್ಲ. ಎಂಥ ಗಾಡಿ!

ಅಂಗಳದಲ್ಲಿ ಹನ್ನೆರಡು ಗಾಡಿ ಸಾಲು ನಿಂತಿದ್ದವು. ಇನ್ಸ್‌ಪೆಕ್ಟರ್ ಎಲ್ಲಕ್ಕೂ ಬಗ್ಗಿ, ಬ್ಯಾಟರಿ ಬಿಟ್ಟು, ಬೆರಳಿಟ್ಟು ನೋಡುತ್ತಾ ಬಂದರು. ನಮ್ಮ ಹತ್ತಿರ ಬಂದವರು ಅಪ್ಪನನ್ನು ಕಂಡು ಕೈ ಮುಗಿದರು. "ನಂಬರ್ ಮೇಸ್ತ್ರಿ! ನಿಮ್ಮ ಮನೆಯಿಂದ ಬಂದ ಗಾಡಿಗೆ ನಾನು ಬಗ್ಗಿ ನೋಡಬೇಕಾ?" ಅಂತ ನಕ್ಕು, ನನ್ನ ಕೈಗೆ ಪೆನ್ನು ಕೊಟ್ಟರು. "ಇಲ್ಲೊಂದು ರುಜು ಹಾಕಮ್ಮಾ, ಮುಗೀತು."

ಸುಳ್ಳು ಹೇಳುವುದಿಲ್ಲ. ಆಸೆಯಾಯಿತು. ನಮೂನೆಯಲ್ಲಿ ಮಾಲೀಕರು ಅನ್ನುವ ಕಡೆ ನನ್ನ ಹೆಸರು ಟೈಪಾಗಿತ್ತು. ಅಷ್ಟಾದರೂ ನೀನು ನಿಜ ಹೇಳಿದ್ದೆ. ಒಂದು ಗೆರೆ ಎಳೆದರೆ ಗಾಡಿ ನನ್ನದು, ಗುಡ್ಡ ನನ್ನದು, ಎದುರಿನ ಗ್ಯಾರೇಜಿನವನ ಸೋತ ಮುಖ ನೋಡುವ ಭಾಗ್ಯವೂ ನನ್ನದು. ಪೆನ್ನು ಕಾಗದದ ಮೇಲೆ ಇಟ್ಟೆ ಕೂಡ.

ಆಮೇಲೆ ಹೇಳಿದೆ, "ಸಾರ್, ಬಗ್ಗಿ ನೋಡಿ."

ಅವರಿಗೆ ಅರ್ಥವಾಗಲಿಲ್ಲ. ಅಪ್ಪ ಕೆಳಗಿಳಿದು, ಬಲಗಡೆ ಚಾಸಿಯ ಮೇಲೆ ಕೈ ಇಟ್ಟು, "ಇದು ನನ್ನ ಕೈಕೆಲಸ. ಸುಳ್ಳು ನಂಬರ್" ಅಂದರು. ನಂಬರ್ ಸವೆಸಿದ್ದು ಯಾರು, ಕಾಗದ ತಂದದ್ದು ಯಾರು ಅಂತ ಕೇಳಿದಾಗ ನಾನು ನಿನ್ನ ಹೆಸರು ಹೇಳಿದೆ. ಪೂರ್ತಿ ಹೆಸರು, ಕೆಲಸದ ಜಾಗ, ನಿಂತಿರುವ ನಾಲ್ಕು ಗಾಡಿ, ಎಲ್ಲ. ನಿನ್ನ ಜುಲೈ 28ರ ಕಾಗದವನ್ನು ಹರಿದುಹಾಕಿರಲಿಲ್ಲ. ಅದನ್ನೂ ಕೊಟ್ಟೆ.

ಇನ್ಸ್‌ಪೆಕ್ಟರ್ ನಮ್ಮ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಅಪ್ಪನನ್ನೇ ನೋಡಿದರು. "ಮೇಸ್ತ್ರಿ, ನಂಬರ್ ಹೊಡೆದದ್ದು ನೀವು ಅಂತ ಎಷ್ಟು ಗಾಡಿಗೆ ಕಣ್ಣು ಮುಚ್ಕೊಂಡು ರುಜು ಹಾಕಿದ್ದೀನಿ. ಇನ್ನು ಅವನ್ನೆಲ್ಲ ತೆಗೆಸಿ ನೋಡಬೇಕಾ ನಾನು?" ಅಂದರು. ಅಪ್ಪನಿಗೆ ಮೂವತ್ತೆರಡು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅವರು ಗಾಡಿಯ ಮೇಲಿಂದ ಕೈ ತೆಗೆಯುವುದನ್ನೂ ಮರೆತು ನಿಂತಿದ್ದರು.

ಗಾಡಿಯನ್ನು ಮುಟ್ಟುಗೋಲು ಹಾಕಿಕೊಂಡರು, ವಿಚಾರಣೆ ಮುಗಿದ ಮೇಲೆ ಕತ್ತರಿಸುತ್ತಾರಂತೆ. ಅಂಥ ಗಾಡಿಯನ್ನು ಇಟ್ಟುಕೊಂಡು ದುರಸ್ತಿ ಮಾಡಿದ್ದಕ್ಕೆ ನನ್ನ ಗ್ಯಾರೇಜಿನ ಪರವಾನಗಿ ಆರು ತಿಂಗಳು ಅಮಾನತು. ಅಪ್ಪ ಪ್ರತಿ ತಿಂಗಳು ಕಚೇರಿಗೆ ಹೋಗಿ ಹಾಜರಿ ಹಾಕಬೇಕು. ನಿನಗೂ ಕಾಗದ ಬರುತ್ತದೆ, ಬಂದಿರಲೂಬಹುದು.

ಬಸ್ಸಿನಲ್ಲಿ ವಾಪಸ್ಸು ಬಂದೆವು. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡು ಕೂತಿದ್ದರು. ಅರ್ಧ ದಾರಿಯಾದ ಮೇಲೆ, ನಾನು ಅವತ್ತು ಕೇಳಿದ್ದಕ್ಕೆ ಉತ್ತರ ಕೊಟ್ಟರು.

"ಮೊದ್ಲು ನಂಬ್ಲಿಲ್ಲ ಕಣಮ್ಮಾ. ಎರಡು ದಿನ ಆಗಲ್ಲ ಅಂದೆ. ಆಮೇಲೆ ಯೋಚ್ನೆ ಮಾಡ್ದೆ. ಇಷ್ಟು ವರ್ಷದಲ್ಲಿ ನೀನು ನನ್ನ ಹತ್ರ ಏನೂ ಕೇಳಿದವಳಲ್ಲ. ಒಂದ್ಸಲ ಕೇಳಿದ್ದಾಳೆ ಅಂದ್ರೆ ಎಷ್ಟು ಆಸೆ ಇರ್ಬೇಕು ಅನ್ನಿಸ್ತು. ಅವನು ಅವನಿಗೋಸ್ಕರ ಕೇಳಿದ್ರೆ ಕೈ ಕತ್ತರಿಸಿದ್ರೂ ಮಾಡ್ತಿರ್ಲಿಲ್ಲ. ಅದು ಅವನಿಗೂ ಗೊತ್ತಿತ್ತು."

ಈ ಮಾತು ಕೇಳಿ ಏನು ಮಾಡಬೇಕು ನಾನು? ಅಪ್ಪನಿಗೆ ನನ್ನ ಮೇಲೆ ಇದ್ದ ಪ್ರೀತಿಯನ್ನು ನೀನು ಹೊಂಚು ಹಾಕಿ ನೋಡಿದೆ, ಅದನ್ನೇ ಹಿಡಿದುಕೊಂಡು ಅವರ ಕೈಗೆ ಸುತ್ತಿಗೆ ಕೊಟ್ಟೆ. ಗಾಡಿ ಹೋದದ್ದಕ್ಕೆ ನಾಳೆಯೋ ನಾಡಿದ್ದೋ ಸಮಾಧಾನ ಮಾಡಿಕೊಂಡೇನು. ಇದಕ್ಕೆ ಆಗುವುದಿಲ್ಲ.

ಅಕ್ಕ


ನವೆಂಬರ್ 6

ಮಗನಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ದಪ್ಪ ಪೆನ್ನು ತೆಗೆದುಕೊಂಡಿದ್ದೇನೆ. ಬರೆದದ್ದು ನನಗೆ ಕಾಣುವುದಿಲ್ಲ, ಸಾಲು ಒಂದರ ಮೇಲೊಂದು ಹತ್ತಿದ್ದರೆ ನೀನೇ ಬಿಡಿಸಿಕೊಂಡು ಓದು.

ನಿನ್ನ ಕೆಲಸ ಹೋಯಿತು ಅಂತ ಕಚೇರಿಯವರು ಹೇಳಿದರು. ನಿನ್ನನ್ನು "ಓದ್ಕೋ ಹೋಗು" ಅಂತ ಅಟ್ಟಿದ್ದೆನಂತೆ. ಅಕ್ಕ ನಿನ್ನ ಕಾಗದ ಕೊಟ್ಟಾಗ ಇನ್ಸ್‌ಪೆಕ್ಟರ್ ಅದನ್ನು ಅಲ್ಲೇ ಗಟ್ಟಿಯಾಗಿ ಓದಿದರು, ಆಗ ಕೇಳಿಸಿಕೊಂಡೆ. ಅಟ್ಟಿದ್ದು ನಿಜ. ನನ್ನ ಹಾಗೆ ನಿನ್ನ ಕೈ ಒಡೆಯಬಾರದು ಅಂತ ಇತ್ತು. ಅದನ್ನು ನಿನಗೆ ಆಗಲೇ ಹೇಳಬೇಕಿತ್ತು.

ಅಕ್ಕ ಬಸ್ ಡಿಪೋಗೆ ದಿನಗೂಲಿಗೆ ಹೋಗುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ. ಊಟ ಆಯಿತಾ ಕೇಳುತ್ತಾಳೆ, ಮಾತ್ರೆ ಕೊಡುತ್ತಾಳೆ, ಹಾಜರಿಯ ದಿನ ಕೈ ಹಿಡಿದು ಬಸ್ಸು ಹತ್ತಿಸುತ್ತಾಳೆ. ಏನೂ ಕಡಿಮೆ ಮಾಡಿಲ್ಲ.

ಮೊನ್ನೆ ಡಿಪೋದ ಬಸ್ಸಿನ ಡೀಸೆಲ್ ಪಂಪೊಂದನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಬಿಚ್ಚಿದಳು. ಕೂಡಿಸುವಾಗ ಸ್ಪ್ರಿಂಗು ತಿರುಗುಮುರುಗಾಗಿತ್ತು. ನನಗೆ ಸದ್ದಿನಲ್ಲೇ ಗೊತ್ತಾಯಿತು. ಮೊದಲಾದರೆ ಅವಳು ತಂದು ನನ್ನ ಅಂಗೈಯಲ್ಲಿ ಇಟ್ಟು "ನೋಡಿ ಅಪ್ಪಾ, ಎಲ್ಲಿ ತಪ್ಪಿದೆ?" ಅನ್ನುತ್ತಿದ್ದಳು. ತರಲಿಲ್ಲ. ಒಂದೂವರೆ ಗಂಟೆ ಒದ್ದಾಡಿ ತಾನೇ ಸರಿಮಾಡಿಕೊಂಡಳು. ಆಮೇಲೆ ನನಗೆ ಚಹಾ ತಂದುಕೊಟ್ಟಳು.

ನೀನು ನನ್ನ ಹೆಸರಿಗೆ ಬರೆದ ಮೂರು ಕಾಗದ ಬಂದಿವೆ. ಅವಳೇ ತಂದು ದಿಂಬಿನ ಪಕ್ಕ ಇಟ್ಟು ಹೋದಳು. ಒಡೆದಿಲ್ಲ. ಅದರಲ್ಲಿ ತಪ್ಪಾಯಿತು ಅಂತ ಬರೆದಿದ್ದೀಯೋ, ಇನ್ನೇನಾದರೂ ಕೇಳಿದ್ದೀಯೋ, ನನಗೆ ಗೊತ್ತಿಲ್ಲ. ಈ ಮನೆಯಲ್ಲಿ ಕಾಗದ ಓದಿ ಹೇಳುವವಳು ಅವಳೊಬ್ಬಳೇ. ಓದು ಅಂತ ಅವಳನ್ನು ಕೇಳಲು ನನಗೆ ಮುಖ ಇಲ್ಲ.

ಇನ್ನು ಬರೆಯಬೇಡ.

ಅಪ್ಪ